ಎಡೆಗೆ ಬಂದ ಟರ್ಕಿ

ಎಣ್ಣೆಯಲ್ಲಿ ವಡೆ ಬಿಟ್ಟು ನಿಂತ ಹೆಂಗಸನ್ನು ಯಾರೂ ಕೂಗಿ ಕರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಲೋಕದಲ್ಲಿ ಏನೇ ನಡೆದಿರಲಿ, ವಡೆಯ ಇನ್ನೊಂದು ಮಗ್ಗುಲು ಕೆಂಪಗಾಗುವವರೆಗೆ ಕಾಯಬಹುದು. ನನ್ನ ಮಕ್ಕಳಿಗೆ ಮಾತ್ರ ಈ ಧರ್ಮಸೂಕ್ಷ್ಮ ತಿಳಿಯದು. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ನಾನು ಎರಡನೆಯ ಒಬ್ಬೆ ವಡೆ ಬಿಟ್ಟಿದ್ದೆನಷ್ಟೆ, ಹಿತ್ತಲಿನಿಂದ ಮಗಳು ಅದಿತಿ ಅರಚಿದಳು: "ಅಮ್ಮಾ, ಕಮ್ ಕ್ವಿಕ್! ಟರ್ಕಿ ತಾತಂದು ಎಡೆ ತಿಂತಾ ಇದೆ!"

ಈ ಟರ್ಕಿಯ ಪರಿಚಯ ಹೇಳಲೇಬೇಕು. ಕರಿ ಮೈ, ಬೋಳು ಕೆಂಪು ತಲೆ, ಕೊರಳಿಗೆ ಹಳದಿ ಚೀಲ ಕಟ್ಟಿಕೊಂಡ ಕಾಡುಹಕ್ಕಿ. ಬ್ರಿಸ್ಬೇನಿನಲ್ಲಿ ಮಹಾಲಯದ ಹೊತ್ತಿಗೆ ವಸಂತ. ಅದು ಬಂತೆಂದರೆ ಗಂಡು ಟರ್ಕಿ ಕಂಡವರ ಹಿತ್ತಲಿಗೆ ನುಗ್ಗಿ, ಕಾಲಿನಿಂದ ಹಿಂದಕ್ಕೆ ಕೆರೆದು ಕೆರೆದು, ಮಣ್ಣು ತರಗೆಲೆಗಳನ್ನೆಲ್ಲ ಗುಡ್ಡೆ ಹಾಕುತ್ತದೆ. ಮೊಟ್ಟೆಗೆ ಅದೇ ಗೂಡು. ನಮ್ಮ ಟೂವಾಂಗ್ ಬಡಾವಣೆಯ ಮನೆಯಲ್ಲಿ ನಾನು ಬೆಳೆಸಿದ ಮೆಂತ್ಯ, ದಂಟು ಎಲ್ಲವೂ ಆ ಗುಡ್ಡೆಗೆ ಅರ್ಪಿತವಾಗಿವೆ. ಕರಿಬೇವು ಉಳಿದಿದೆ, ದೇವರು ದೊಡ್ಡವನು. ಟರ್ಕಿಯ ಮೇಲೆ ಕೈ ಮಾಡುವ ಹಾಗಿಲ್ಲ, ಕಾನೂನು ಅದರ ಪಕ್ಷ. ಹಿಂದೆ ಅಡಿಲೇಡಿನಲ್ಲಿದ್ದಾಗ ಗಿಣಿಗಳು ಬಾದಾಮಿ ಗಿಡವನ್ನು ಬರಿದು ಮಾಡುತ್ತಿದ್ದವು. ಆಗ ಅವನ್ನು ಬೈದದ್ದಕ್ಕೆ ಈಗ ಪಶ್ಚಾತ್ತಾಪವಿದೆ.

ಅಂದು ಬೇಟೆಗೆ ಅಪ್ಪಣೆ ಕೊಟ್ಟವಳು ನಾನೇ. ಮಾವ ತೀರಿಹೋದ ಮೇಲೆ ಬಂದ ಮೊದಲ ಮಹಾಲಯ ಅದು. ಅವರು ಹೋದಾಗ ನಮ್ಮವರು ಆಸ್ಪತ್ರೆ ಡ್ಯೂಟಿ ಬಿಟ್ಟು, ವಿಮಾನ ಹಿಡಿದು ಮೈಸೂರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದು ಬೆಳಗಿನಿಂದ ಉಪವಾಸವಿದ್ದು, ಎಡೆಯನ್ನು ತಾವೇ ಒಯ್ದು ಹಿತ್ತಲಿನ ಕಲ್ಲಿನ ಮೇಲಿಟ್ಟು, ಕಾಗೆ ಮುಟ್ಟಲೆಂದು ಕಾಯುತ್ತ ಕಿಟಕಿಯಲ್ಲಿ ನಿಂತವರು ಅಲ್ಲಿಂದ ಅಲುಗಲಿಲ್ಲ. ಬೇಲಿಯ ಮೇಲೆ ಕಾಗೆಗಳೇನೋ ಇದ್ದವು. ಟರ್ಕಿಯ ಭಯಕ್ಕೆ ಕೆಳಗಿಳಿಯಲೊಲ್ಲವು. ಶಾಲೆಗೆ ವಸಂತದ ರಜೆ. ಮಕ್ಕಳ ಕೈಗೆ ನೀರಿನ ಪಿಸ್ತೂಲು ಕೊಟ್ಟು, "ಹತ್ರ ಬಂದ್ರೆ ಓಡಿಸಿ" ಎಂದೆ.

ಅದಿತಿ ತಮ್ಮನಿಗೆ ಬೇಟೆಯ ಪಾಠ ಶುರುಮಾಡಿದಳು. ಇಬ್ಬರೂ ಕಸದ ಡಬ್ಬಿಯ ಹಿಂದೆ ಸೈನಿಕರ ಹಾಗೆ ಬೋರಲು ಮಲಗಿದರು. "ಚಿನ್ನು, ಡೋಂಟ್ ಮೂವ್. ಉಸಿರು ಕೂಡ ಮೆಲ್ಲಗೆ ಬಿಡು." ಏಳು ವರ್ಷದ ಚಿನ್ನು ಉಸಿರು ಬಿಗಿಹಿಡಿದು, "ಐ ನೀಡ್ ಟು ಪೀ" ಎಂದ. "ಹಂಟರ್ಸ್ ಪೀ ಮಾಡಲ್ಲ ಕಣೋ!" ಇಷ್ಟು ಕೇಳಿಸಿಕೊಂಡೇ ನಾನು ಒಲೆಯ ಹತ್ತಿರ ಹೋದದ್ದು.

ಕೂಗು ಕೇಳಿ ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಓಡಿದೆ. ಅದಿತಿ ಒಂದೇ ಸಮನೆ ನೀರು ಹಾರಿಸುತ್ತಿದ್ದಾಳೆ. ಟರ್ಕಿಯೋ ರೆಕ್ಕೆ ಬಿಚ್ಚಿ ಸ್ನಾನದ ಸುಖ ಅನುಭವಿಸುತ್ತ ಪಾಯಸ ಮುಗಿಸುತ್ತಿದೆ. ಚಿನ್ನುವಿನ ಪಿಸ್ತೂಲು ನೆಲದ ಮೇಲಿತ್ತು.

"ಅವ್ನಿಗೆ ಶೂಟ್ ಅಂದೆ ಅಮ್ಮಾ, ಸುಮ್ನೆ ನಿಂತ್ಬಿಟ್ಟ!"

"ಹಿ ವಾಸ್ ಈಟಿಂಗ್," ಎಂದ ಚಿನ್ನು. "ಊಟ ಮಾಡೋವಾಗ ಯಾರನ್ನೂ ಎಬ್ಬಿಸ್ಬಾರ್ದು. ತಾತ ಸೆಡ್."

ಟರ್ಕಿ ವಡೆಯನ್ನೂ ಮುಗಿಸಿತು. ಆಮೇಲೆ ಬಾಳೆಎಲೆಯನ್ನು ಕೆಳಗೆಳೆದು, ಹಿಂದಕ್ಕೆ ಕೆರೆಯುತ್ತ ತನ್ನ ಗುಡ್ಡೆಗೆ ಸೇರಿಸಿಕೊಂಡಿತು. ಮೈಸೂರಿನ ಯಾವ ಕಾಗೆಯೂ ಎಲೆ ತೆಗೆದು ಸ್ಥಳ ಶುದ್ಧಿ ಮಾಡಿದ್ದನ್ನು ನಾನು ಕಂಡಿಲ್ಲ.

ನಮ್ಮವರು ಬಾಗಿಲಲ್ಲಿ ನಿಂತಿದ್ದರು. "ಕಾಗೆ ಮುಟ್ಟಲಿಲ್ವಲ್ಲೇ," ಎಂದರು ಮೆಲ್ಲಗೆ.

ನಾನು ಪರ್ತ್‌ನಲ್ಲಿರುವ ಓರಗಿತ್ತಿ ಶೈಲಕ್ಕನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ. ಅಲ್ಲಿ ನಮಗಿಂತ ಎರಡು ಗಂಟೆ ಹಿಂದೆ, ಅವರಿನ್ನೂ ಎಡೆ ಇಟ್ಟಿರಲಿಲ್ಲ. ಕಥೆ ಕೇಳಿ ಶೈಲಕ್ಕ ಕೇಳಿದ್ದು ಒಂದೇ ಪ್ರಶ್ನೆ: "ವಡೆ ಬಿಡ್ತಾ?"

"ಒಂದೂ ಬಿಡ್ಲಿಲ್ಲ ಅಕ್ಕ."

"ಹಾಗಾದ್ರೆ ಮಾವಾನೇ ಕಣೆ. ಅಲ್ಲಿ ಮುಗಿಸ್ಕೊಂಡು ಇಲ್ಲಿಗೆ ಬರ್ತಾರೆ, ನೋಡ್ತಿರು. ಅವ್ರು ಯಾವತ್ತು ಒಂದೇ ಮನೇಲಿ ಊಟ ಮಾಡಿದ್ರು?"

ನಮ್ಮವರು ನಕ್ಕರು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡರು. "ಎಲೆ ಹಾಕ್ತೀನಿ, ಬನ್ನಿ. ಅವರದಾಯ್ತು," ಎಂದೆ, ನಾಲ್ಕು ವೇದ ಓದಿದವಳ ಹಾಗೆ. ಅವರು ಬಂದು ಕೂತರು. ಎರಡು ಸಲ ಪಾಯಸ ಹಾಕಿಸಿಕೊಂಡರು. ನನಗೆ ಅಷ್ಟು ಸಾಕಿತ್ತು.

ಊಟವಾದ ಮೇಲೆ ಹಿತ್ತಲಿಗೆ ಹೋದರೆ ಟರ್ಕಿ ಕರಿಬೇವಿನ ಬುಡಕ್ಕೆ ಕಾಲು ಹಾಕಿತ್ತು. ಪಿಸ್ತೂಲು ಎತ್ತಿಕೊಂಡವಳು ತಟ್ಟನೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಊಟ ಆಯ್ತಲ್ಲ ಮಾವ, ಇನ್ನು ಹೊರಡಿ," ಎಂದೆ. ಅವರು ಬದುಕಿದ್ದಾಗ ಈ ಮಾತನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಆಡಿದವಳಲ್ಲ. ಮನಸ್ಸಿನಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ. ಟರ್ಕಿ ನನ್ನನ್ನು ಒಮ್ಮೆ ಓರೆಯಾಗಿ ನೋಡಿ, ಕೆರೆಯುವುದನ್ನು ಮುಂದುವರಿಸಿತು. ಬೇಟೆಗಾರರ ಕೆಸರು ಬಟ್ಟೆಗಳನ್ನು ಎತ್ತಿಕೊಂಡು ನಾನು ವಾಷಿಂಗ್ ಮೆಷಿನ್ನಿನ ಕಡೆ ನಡೆದೆ.