ತೂತು ಬಿದ್ದ ತಾಳ

"ಸದ್ದೇ ಇಲ್ಲದ ಹಾಗೆ ಡ್ರಮ್ಸ್ ಬಾರಿಸಿ ತೋರಿಸ್ತೀನಿ, ನೋಡ್ತಿರು!"

ಹೀಗೆಂದು ನಾನು ಗುಡುಗಿದಾಗ ನನ್ನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಾರುಕಟ್ಟೆ ಬೀದಿಯಲ್ಲಿ ಅವಳದೇ ಹೊಲಿಗೆ ಅಂಗಡಿಯಿದೆ. ಕಣ್ಣು ಕೀಲಿಸಿದ್ದು ಸೂಜಿಯ ಮೇಲೆ, ಚುಚ್ಚಿದ್ದು ನನಗೆ.

"ಸದ್ದೇ ಬೇಡ ಅಂದ್ಮೇಲೆ ಬಾರಿಸೋದ್ಯಾಕ್ರೀ? ಸುಮ್ನೆ ಕೂತ್ಕೊಳ್ಳಿ, ಅದೇ ಆಗುತ್ತೆ."

ಸುಮ್ಮನೆ ಕೂರುವ ಹಾಗಿರಲಿಲ್ಲ. ನಾನು ನೀರು ಸರಬರಾಜು ಕಚೇರಿಯ ನೌಕರ. ನಮ್ಮ ವಾರ್ಷಿಕೋತ್ಸವಕ್ಕೆ ನಮ್ಮದೇ ವಾದ್ಯತಂಡ. ಡ್ರಮ್ಸ್ ಬಾರಿಸುತ್ತಿದ್ದವರಿಗೆ ದಿಢೀರನೆ ವರ್ಗವಾಯಿತು. "ಇನ್ಯಾರಿಗೆ ಬರುತ್ತೆ?" ಎಂದು ಮ್ಯಾನೇಜರ್ ಕೇಳಿದ್ದೇ ತಡ, ನನ್ನ ಕೈ ನನ್ನನ್ನು ಒಂದು ಮಾತೂ ಕೇಳದೆ ಮೇಲೆದ್ದಿತು! ಹಾಸ್ಟೆಲಿನಲ್ಲಿದ್ದಾಗ ಊಟದ ಮೇಜು ಬಡಿದು ಹೆಸರು ಮಾಡಿದವನು ನಾನು. ಮೇಜಿಗೂ ಡ್ರಮ್ಸಿಗೂ ಎಷ್ಟು ಮಹಾ ವ್ಯತ್ಯಾಸ?

ತೊಡಕು ಇನ್ನೊಂದಿತ್ತು. ನಮ್ಮದು ನಾಲ್ಕು ಮಹಡಿಯ ಕಟ್ಟಡ. ನಿವಾಸಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ. 'ಗಲಾಟೆ ಮಾಡಬೇಡಿ' ಎಂದು ಮೆಟ್ಟಿಲ ಬಳಿ ಬೋರ್ಡು ಬರೆಸಿದವನೂ ನಾನೇ. ಹೀಗಾಗಿ ಸಂಜೆ ವಾದ್ಯದ ಅಂಗಡಿಗೆ ಹೋಗಿ, ಮನೆಯಲ್ಲಿ ಅಭ್ಯಾಸ ಮಾಡಲು ಮೆಲುದನಿಯ ಸಿಂಬಲ್ ತಟ್ಟೆ ಕೇಳಿದೆ.

ಅಂಗಡಿಯ ಮೀಸೆಯವರು ಮೊದಲು ರಬ್ಬರಿನ ತಟ್ಟೆ ಕೊಟ್ಟರು. ಬಾರಿಸಿದರೆ ಹಳೇ ಚಪ್ಪಲಿಗೆ ಹೊಡೆದ ಹಾಗಿತ್ತು. ಎರಡನೆಯದು ಮಾಮೂಲಿ ಸಿಂಬಲ್ಲಿಗೆ ಬಟ್ಟೆ ಸುತ್ತಿದ್ದು; ಅದು ಕೆಮ್ಮಿತು. ಮೂರನೆಯದು ಹಿತ್ತಾಳೆ ಬಣ್ಣದ್ದು, ಮೈತುಂಬ ಸಣ್ಣ ಸಣ್ಣ ತೂತು. ಕಡ್ಡಿ ತಾಗಿಸಿದೆ. 'ಚಿಸ್' ಎಂದಿತು, ಬಿಸಿ ಹೆಂಚಿಗೆ ನೀರು ಚಿಮುಕಿಸಿದ ಹಾಗೆ. ಆಹಾ! ಅದನ್ನೇ ಕಟ್ಟಿಸಿದೆ. ಕಚೇರಿಯಿಂದ ಮನೆಗೆ ತಂದಿದ್ದ ಡ್ರಮ್ಮುಗಳ ಬಾಯಿಗೆ ಬಲೆಯ ಹೊದಿಕೆ ತಗೊಂಡೆ. ಕಾಲಲ್ಲಿ ತುಳಿದು ದೊಡ್ಡ ಡ್ರಮ್ ಬಡಿಯುವ ಪೆಡಲ್ಲನ್ನೂ ಸೇರಿಸಿಕೊಂಡೆ.

ಮನೆಯಲ್ಲಿ ಹೆಂಡತಿ ಸಿಂಬಲ್ಲನ್ನು ಬೆಳಕಿಗೆ ಹಿಡಿದು ನೋಡಿದಳು. "ಮೈಯೆಲ್ಲಾ ತೂತು! ನೋಡಿ ತರಬಾರ್ದಾ?"

"ತೂತಲ್ಲ ಕಣೇ, ತಂತ್ರಜ್ಞಾನ!"

ಮರುದಿನದಿಂದಲೇ ಸಾಧನೆ ಶುರು. ಕಚೇರಿಯಿಂದ ಬಂದವನೇ ಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ, ಹಾಡಿನ ಜೊತೆ ಬಾರಿಸುವುದು. ಹೆಂಡತಿ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಬೆವರೊರೆಸಿಕೊಂಡು ಕೂತಿರುತ್ತಿದ್ದೆ. ಒಂದು ನರಪಿಳ್ಳೆಗೂ ಗೊತ್ತಾಗುತ್ತಿಲ್ಲವಲ್ಲ ಎಂದು ಎದೆಯುಬ್ಬಿಸಿಕೊಂಡೆ.

ಒಂದು ವಾರ ಕಳೆದಿರಬೇಕು. ನಮ್ಮ ಕೆಳಗಿನ ಮನೆಯ ಡಾಕ್ಟರಮ್ಮ ದೂರು ಹೊತ್ತು ಬಂದರು.

"ಕಾರ್ಯದರ್ಶಿಗಳೇ, ಸಂಜೆಯಾದ್ರೆ ನಮ್ಮನೆ ಸೂರಿನಲ್ಲಿ ದಬ್ ದಬ್ ಅಂತ ಸದ್ದು. ದೀಪವೆಲ್ಲ ಅಲ್ಲಾಡುತ್ತೆ. ಏನಿದು?"

ನಾನು ನಕ್ಕೆ. ಪೈಪಿನ ವಿಷಯದಲ್ಲಿ ನನ್ನೆದುರು ಯಾರು? "ಪೈಪಲ್ಲಿ ಗಾಳಿ ಸೇರಿದೆ ಡಾಕ್ಟ್ರೇ. ನನಗೆ ಬಿಡಿ!"

ತನಿಖೆ ಕೈಗೊಂಡೆ. ವಿಚಿತ್ರವೆಂದರೆ, ನಾನು ಅವರ ಮನೆಗೆ ಕಾಲಿಟ್ಟಾಗಲೆಲ್ಲ ಸದ್ದು ಬಂದ್!

"ನೋಡಿದ್ರಾ? ನನ್ನ ಕಂಡ್ರೆ ಪೈಪಿಗೂ ಭಯ!" ಎಂದು ಬೀಗಿ ಮನೆಗೆ ಬಂದು ಡ್ರಮ್ಸಿನ ಮುಂದೆ ಕೂರುತ್ತಿದ್ದೆ. ಮತ್ತೆ ದೂರು.

ರೇಗಿಹೋಯಿತು. ಪ್ಲಂಬರನ್ನು ಕರೆಸಿ ಕೊಳಾಯಿ ಬಿಚ್ಚಿಸಿದೆ. ಪಂಪನ್ನೇ ಕಳಚಿ ರಿಪೇರಿಗೆ ಕಳಿಸಿದೆ. ಕಟ್ಟಡಕ್ಕೆ ಕಟ್ಟಡವೇ ಬಕೆಟ್ ಹಿಡಿದು ಬೀದಿ ನಲ್ಲಿಯ ಮುಂದೆ ಸಾಲು ನಿಂತಿತು. ಮೇಲಿನ ಮಹಡಿಯ, ಎಲ್ಲರೂ ಮಾವಯ್ಯ ಎಂದೇ ಕರೆಯುವ ಹಿರಿಯರು ತಲೆಗೆ ಸೋಪು ಹಚ್ಚಿಕೊಂಡೇ ಮೆಟ್ಟಿಲಿಳಿದು ಬಂದು, "ನೀರು ಸರಬರಾಜಿನವರು ಇರೋ ಕಟ್ಟಡ ಅಂತ ಬಾಡಿಗೆಗೆ ಬಂದ್ವಲ್ಲಪ್ಪಾ!" ಎಂದರು.

ಸೊಂಟದಲ್ಲಿ ಬಿಂದಿಗೆ ಹೊತ್ತು ಹೆಂಡತಿ ಅವತ್ತು ಬೇಗ ಮನೆಗೆ ಬಂದಳು. ನಾನು ಹೆಡ್‌ಫೋನಿನೊಳಗೆ ಕಣ್ಣುಮುಚ್ಚಿ ಮುಳುಗಿದ್ದೆ. ಬಿಂದಿಗೆಯನ್ನು ನೆಲದ ಮೇಲೆ ಇಟ್ಟಳಂತೆ. ನಾನು ಪೆಡಲ್ ತುಳಿದಂತೆಲ್ಲ ಅದರ ನೀರು ಕುಣಿಯಿತಂತೆ. ಹೆಡ್‌ಫೋನ್ ಕಿತ್ತು ಕಿರುಚಿದಳು:

"ರೀ, ಕೆಟ್ಟಿರೋ ಪೈಪು ನಿಮ್ಮ ಬಲಗಾಲು!"

"ಛೆ! ಇದು ಸದ್ದಿಲ್ಲದ ಸಾಮಾನು."

"ಸಿಂಬಲ್ಲಿಗೆ ತೂತು ಮಾಡಿದಾರೆ ಸರಿ, ನೆಲಕ್ಕೆ ಯಾರು ಮಾಡಿದಾರೆ?"

ನಾನು ಒಪ್ಪುವ ಆಸಾಮಿಯೇ? "ಪರೀಕ್ಷೆ ಆಗ್ಲಿ. ನೀನು ಬಾರಿಸು. ನಾನು ಕೆಳಗೆ ಹೋಗಿ ಕೇಳ್ತೀನಿ."

ಡಾಕ್ಟರಮ್ಮನ ಪಕ್ಕ ನಿಂತು ಸೂರು ನೋಡಿದೆ. ದಬ್... ದಬ್... ದಬ್... ಅಯ್ಯೋ, ಕೇಳಿಯೇಬಿಟ್ಟಿತು! ಡಾಕ್ಟರಮ್ಮ ಮಾತ್ರ ತಲೆಯಾಡಿಸಿದರು.

"ಇದಲ್ಲ ಸರ್. ನಾನು ಹೃದ್ರೋಗದ ಡಾಕ್ಟರು, ಬಡಿತ ಗುರುತು ಹಿಡಿಯೋದೇ ನನ್ನ ಕೆಲಸ. ಇದು ಗಟ್ಟಿಮುಟ್ಟಾದ ಬಡಿತ. ನಾನು ದಿನಾ ಕೇಳೋ ಸದ್ದು ಎರಡು ಬಡಿದು, ಒಂದು ನುಂಗಿ, ಗಾಬರಿಬಿದ್ದು ಮೂರು ಒಟ್ಟಿಗೆ ಬಡಿಯುತ್ತೆ."

ಗೆದ್ದೆ! ನಾನಲ್ಲ, ನಾನಲ್ಲ! ಡಾಕ್ಟರಮ್ಮನಿಗೆ ಫೋನು ಹಚ್ಚಿಕೊಂಡೇ ಮೆಟ್ಟಿಲು ಹಾರಿ ಬಂದು, ಹೆಂಡತಿಯನ್ನು ಎಬ್ಬಿಸಿ ಕೂತೆ. ಅನುಮಾನ ಬೇರುಸಹಿತ ಹೋಗಲೆಂದು ನನ್ನ ಅತ್ಯುತ್ತಮ ವರಸೆಯನ್ನೇ ಬಾರಿಸಿದೆ.

ಫೋನಿನಲ್ಲಿ ಡಾಕ್ಟರಮ್ಮ ಚೀರಿದರು. "ಇದೇ! ಇದೇ! ನಿಲ್ಲಿಸಿ!"

ಆಮೇಲೆ ದನಿ ಬಹಳ ಮೆತ್ತಗಾಯಿತು. "ಪಾಪ, ಎಷ್ಟು ದಿನದಿಂದ ಹೀಗಿದೆ ನಿಮಗೆ?"

ಹೆಂಡತಿ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದ ಕಾಲು ಅವಳದು; ತಾಳ ತಪ್ಪಿದರೆ ಹೊಲಿಗೆಯೇ ತಪ್ಪುತ್ತದೆ.

ಪಂಪು ವಾಪಸು ಬಂತು. ಅದು ಬರುವ ತನಕ ಮಾವಯ್ಯನವರ ಬಕೆಟ್‌ಗಳನ್ನು ಹೊತ್ತವನು ನಾನೇ ಎಂದು ಬೇರೆ ಹೇಳಬೇಕಿಲ್ಲ. ಪೆಡಲ್ಲಿನ ಕೆಳಗೆ ದಪ್ಪ ಸ್ಪಂಜು, ಅದರ ಮೇಲೆ ರಬ್ಬರ್ ಹಾಸಿದೆವು. ಕೆಳಗೆ ದೀಪ ಅಲ್ಲಾಡುವುದು ನಿಂತಿತು. ಡ್ರಮ್ಸಿನ ಮುಂದೆ ಕೂತವಳು ಮಾತ್ರ ನನ್ನ ಹೆಂಡತಿ. ಕುಟುಂಬದವರೂ ಭಾಗವಹಿಸಬಹುದು ಎಂದು ಮ್ಯಾನೇಜರ್ ಹೇಳಿದ್ದೇ ಸಾಕಾಯಿತು!

ವಾರ್ಷಿಕೋತ್ಸವದ ದಿನ ತೂತಿಲ್ಲದ ದೊಡ್ಡ ಸಿಂಬಲ್ಲಿಗೆ ಅವಳು ಬೀಸಿ ಕೊಟ್ಟಳು ನೋಡಿ, ಸಭಾಂಗಣವೇ ಎದ್ದು ಕುಣಿಯಿತು! ಕೆಳಮನೆ, ಮೇಲ್ಮನೆಯವರೆಲ್ಲ ಬಂದಿದ್ದರು. ನನಗೂ ಹೆಮ್ಮೆ ತಡೆಯಲಾಗಲಿಲ್ಲ. ಮುಂದಿನ ಸಾಲಿನಲ್ಲಿ ನಿಂತು, ಹಾಡಿಗೆ ತಕ್ಕ ಹಾಗೆ ಎರಡೂ ಕೈ ಸೇರಿಸಿ ಚಪ್ಪಾಳೆ ಬಾರಿಸತೊಡಗಿದೆ.

ಪಕ್ಕದಲ್ಲಿದ್ದ ಡಾಕ್ಟರಮ್ಮ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದರು. ನಾಡಿ ನೋಡುತ್ತಾರೇನೋ ಅಂದುಕೊಂಡೆ.

"ಬೇಡ ಸರ್," ಎಂದರು, "ನಿಮ್ಮನ್ನ ನೋಡಿ ಅವರಿಗೆ ತಾಳ ತಪ್ಪುತ್ತೆ."