ಮನುಷ್ಯರೇ ಬೇಡದ ಕಾಫಿ ಮಷಿನ್ನು

ಕೆಲವರ ಮನೆಗೆ ಕರೆಯದಿದ್ದರೂ ನೆಂಟರು ಬರ್ತಾನೇ ಇರ್ತಾರೆ. ನನ್ನ ಪಾಲಿಗೆ ಗೊಂದಲ ಹಾಗೆ. ಕಾಫಿ ಮಷಿನ್ನಿನ ವ್ಯಾಪಾರಕ್ಕೆ ಕೈ ಹಾಕಿದ ಮೇಲಂತೂ ಅದು ಹಾಸಿಗೆ ಸುತ್ತಿಕೊಂಡು ಬಂದು ನಮ್ಮಲ್ಲೇ ಠಿಕಾಣಿ ಹೂಡಿತು. ನಮ್ಮ ಚಾಮರಾಜನಗರ ಆಗಷ್ಟೇ ಜಿಲ್ಲೆ ಆಗಿತ್ತು. ಜಿಲ್ಲೆ ಅಂದ ಮೇಲೆ ಆಫೀಸು ಬರ್ತದೆ, ಆಫೀಸು ಅಂದ ಮೇಲೆ ಜನ ಬರ್ತಾರೆ, ಜನ ಅಂದ ಮೇಲೆ ಕಾಫಿ ಕುಡೀತಾರೆ. ಇದು ನನ್ನ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು, ಜನ ಲೆಕ್ಕಕ್ಕೆ ಸಿಗಲಿಲ್ಲ ಅಷ್ಟೇ.

ಬೀರು ಬಂತು

ಬೆಂಗಳೂರಲ್ಲಿ ಯಾವುದೋ ಕಾರ್ಖಾನೆ ಬಾಗಿಲು ಹಾಕುವಾಗ ಅದರ ಕ್ಯಾಂಟೀನಿನ ಹಳೇ ಮಷಿನ್ ಮಾರಿದರು. ನಾನು ಕೊಂಡು ಲಾರಿಗೆ ಹಾಕಿಸಿಕೊಂಡು ಬಂದೆ. ಆಳೆತ್ತರ, ಬೀರುವಿನಷ್ಟು ಅಗಲ. ಎರಡು ರೂಪಾಯಿ ನಾಣ್ಯ ಹಾಕಿ ಗುಂಡಿ ಒತ್ತಿದರೆ ಒಂದು ಪ್ಲಾಸ್ಟಿಕ್ ಲೋಟ ತಾನಾಗೇ ಬೀಳುತ್ತೆ, ಅದರೊಳಕ್ಕೆ ಕಾಫಿಯೋ ಟೀಯೋ ಹಾಲೋ ಸುರಿಯುತ್ತೆ. ಬೀದಿಯವರು ನನಗೆ ಮದುವೆ ಗೊತ್ತಾಗಿದೆ, ಹೆಣ್ಣಿನ ಕಡೆಯವರು ಬೀರು ಮುಂಚೆನೇ ಕಳಿಸವ್ರೆ ಅಂದುಕೊಂಡರು. ಅವ್ವನಿಗೂ ಏನೂ ಗೊತ್ತಾಗದೆ, ಯಾವುದಕ್ಕೂ ಇರಲಿ ಅಂತ ಅದಕ್ಕೆ ಆರತಿ ಎತ್ತಿಬಿಟ್ಟಳು.

ನಮ್ಮಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲು. ನಾನು ಹುಟ್ಟೋಕೆ ಮುಂಚಿನಿಂದ ಅಲ್ಲಿ ಫಿಲ್ಟರಿನ ಮುಂದೆ ನಿಂತು ತಮ್ಮ ಕೈಯಾರೆ ಕಾಫಿ ಬೆರೆಸಿಕೊಂಡು ಬಂದವರು. ಅವರು ಮಷಿನ್ನಿನ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲು ತೆಗೆದು ಒಳಗೆ ಇಣುಕಿದರು.

"ಕಾಪಿ ಮಾಡೋನು ಇದ್ರೊಳಗೆ ಎಲ್ಲಿ ಕೂತ್ಕತಾನ್ಲಾ?"

"ಯಾರೂ ಕೂತ್ಕಳಲ್ಲ ಅಪ್ಪ. ಇದಕ್ಕೆ ಮನುಷ್ಯರೇ ಬೇಡ" ಅಂದೆ, ಜಂಬದಿಂದ.

ಅಪ್ಪನ ಮುಖ ಸಣ್ಣದಾಯಿತು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು. ಅವತ್ತಿಂದ ನನ್ನ ಜೊತೆ ಮಾತು ಬಿಟ್ಟರು. ಇದೇನು ಎರಡು ದಿನದ ಮುನಿಸು, ಸರಿಹೋಗುತ್ತೆ ಬಿಡು ಅಂದುಕೊಂಡು ಅವ್ವನನ್ನ ಕೇಳಿದೆ.

"ನಿಮ್ಮ ದೊಡ್ಡಪ್ಪನ್ ಜೊತೇಲೂ ಇಂಗೇ ಒಂದ್ಸಲ ಮಾತು ಬುಟ್ಟಿದ್ರು ಕಣ್ಲಾ" ಅಂದಳು.

"ಆಮೇಲೆ ಎಷ್ಟು ದಿನಕ್ಕೆ ಮಾತಾಡಿದ್ರು?"

"ಇನ್ನೂ ಆಡಿಲ್ಲ."

ತಗಳಿ ಅನ್ನೋರು ಯಾರು?

ಬಸ್‌ಸ್ಟ್ಯಾಂಡಿನಲ್ಲಿ ಮಷಿನ್ ನಿಲ್ಲಿಸಿದೆ. ಜನ ಬಂದರು, ನೋಡಿದರು, ಮುಟ್ಟಿದರು. ಒಂದಿಬ್ಬರು ಕೈಮುಗಿದರು. ಕಾಫಿ ಮಾತ್ರ ಯಾರೂ ಕುಡಿಯಲಿಲ್ಲ. ಕೊನೆಗೆ ಒಬ್ಬ ಅಜ್ಜ ಧೈರ್ಯ ಮಾಡಿ ನಾಣ್ಯ ಹಾಕಿ ಗುಂಡಿ ಒತ್ತಿದ. ಲೋಟ ಬಿತ್ತು, ಕಾಫಿ ತುಂಬಿತು, ಹಬೆ ಆಡಿತು. ಅಜ್ಜ ಕೈಕಟ್ಟಿ ನಿಂತೇ ಇದ್ದ.

"ಯಾಕಜ್ಜ, ಕುಡೀರಿ" ಅಂದೆ.

"ಯಾರ್ದೋ ಏನೋ, ನಾನೆಂಗೆ ಎತ್ಕಳ್ಳಿ?"

"ನಿಮ್ದೇ. ದುಡ್ಡು ಹಾಕಿದ್ರಲ್ಲ?"

"ಆಕ್ದೆ, ಸರಿ. ಆದ್ರೆ ತಗಳಿ ಅನ್ಲಿಲ್ವಲ್ಲಪ್ಪ ಅದು. ಯೋಳ್ದೆ ಎತ್ಕಂಡು ಕುಡ್ಯಕೆ ನಾವೇನು ಕಳ್ರಾ?"

ಮಾತು ನ್ಯಾಯವಾಗೇ ಇತ್ತು. ನಮ್ಮ ಕಡೆ ನೀರಾದರೂ ಸರಿ, "ತಗಳಿ" ಅಂತ ಒಬ್ಬರು ಅನ್ನಬೇಕು, "ಅಯ್ಯೋ ಯಾಕೆ ಬುಡಿ" ಅಂತ ಇನ್ನೊಬ್ಬರು ಅನ್ನಬೇಕು, ಆಮೇಲೇ ಗಂಟಲಲ್ಲಿ ಇಳಿಯೋದು. ಹಾಗಾಗಿ ಬೆಳಗ್ಗಿಂದ ಸಂಜೆವರೆಗೆ ನಾನು ಮಷಿನ್ನಿನ ಪಕ್ಕ ನಿಂತು, ಲೋಟ ಬಿದ್ದಾಗಲೆಲ್ಲ "ತಗಳಿ, ತಗಳಿ" ಅನ್ನತೊಡಗಿದೆ. ಈ ಮಷಿನ್ ಇದ್ದರೆ ಒಬ್ಬ ಆಳಿನ ಸಂಬಳ ಉಳಿಯುತ್ತೆ ಅಂತ ಮಾರಿದವನು ಹೇಳಿದ್ದ. ಆ ಸಂಬಳ ಉಳಿದ ಆಳು ನಾನೇ ಅಂತ ಅವತ್ತು ಗೊತ್ತಾಯಿತು.

ಬೈಟು

ನಮ್ಮೋರು ಒಂಟಿಯಾಗಿ ಕಾಫಿ ಕುಡಿಯೋದು ಜ್ವರ ಬಂದಾಗ ಮಾತ್ರ. ಮಿಕ್ಕಂತೆ ಬೈಟು, ಅಂದರೆ ಒಂದು ಕಾಫಿ, ಇಬ್ಬರು, ಅರ್ಧರ್ಧ. ಹೊಸ ಜಿಲ್ಲಾ ಆಫೀಸಿನ ಇಬ್ಬರು ಗುಮಾಸ್ತರು ಬಂದು ಮಷಿನ್ನಿಗೆ ಮುಖ ಕೊಟ್ಟು "ಒಂದು ಬೈಟು" ಅಂದರು. ಮಷಿನ್ನಿನಲ್ಲಿ ಬೈಟಿಗೆ ಗುಂಡಿಯೇ ಇರಲಿಲ್ಲ. ನಾನೇ ಒಂದು ಉಪಾಯ ಹೇಳಿಕೊಟ್ಟೆ. ಕಾಫಿ ಅರ್ಧ ಸುರಿಯುತ್ತಿದ್ದಂಗೆ ಒಬ್ಬರು ಲೋಟ ಸರಕ್ಕನೆ ಎಳೆದುಕೊಳ್ಳೋದು, ಇನ್ನೊಬ್ಬರು ಖಾಲಿ ಲೋಟ ಒಡ್ಡೋದು.

ಆ ಮಷಿನ್ನಿನ ಒಳಗಿನ ಗುಟ್ಟು ನನಗೂ ಆಗ ತಿಳಿದಿರಲಿಲ್ಲ. ಅದು ಪುಡಿಯನ್ನೆಲ್ಲ ಮೊದಲು ಬಿಡುತ್ತೆ, ಬಿಸಿನೀರು ಆಮೇಲೆ ಬರುತ್ತೆ. ಒಬ್ಬನಿಗೆ ಕಾಫಿಯ ಪಾಯಸ ಸಿಕ್ಕಿತು. ಇನ್ನೊಬ್ಬನಿಗೆ ಹಲ್ಲುಜ್ಜೋ ನೀರು.

"ಸಾಹೇಬ್ರ ಮುಂದೆನೂ ಹಿಂಗೇ, ಒಳ್ಳೇದೆಲ್ಲ ಇವ್ನಿಗೇ ಹೋಗೋದು!" ಅಂತ ನೀರಿನವನು ಕೂಗಾಡಿದ. ಅಣ್ತಮ್ಮಂದಿರಂಗೆ ಇದ್ದೋರು ಬೆನ್ನು ತಿರುಗಿಸಿಕೊಂಡು ಹೋದರು. ಇಬ್ಬರ ಸ್ನೇಹ ಮುರಿದೆನಲ್ಲಪ್ಪ ಅಂತ ನಾನು ಕೊರಗಿದೆ. ಮಾರನೇ ದಿನ ಇಬ್ಬರೂ ನಗುನಗುತ್ತಾ ಬಂದರು, ಜೊತೆಗೆ ಮೂರನೆಯವನೊಬ್ಬ.

"ರಾಜಿ ಆಗೋಯ್ತು. ಇವತ್ತು ಟೂ ಬೈ ತ್ರೀ ಮಾಡ್ಕೊಡಿ."

ಕಂಬಕ್ಕೆ ಹೆಣ್ಣು

ಇತ್ತ ಮನೆಯಲ್ಲಿ ಅಪ್ಪನ ಮೌನ ಮುಂದುವರಿದಿತ್ತು. ಪೂರ್ತಿ ಮೌನ ಅಂತಲ್ಲ. ನಮ್ಮ ನಡುಮನೆಯಲ್ಲಿ ಕರಿಕಲ್ಲಿನ ಒಂದು ಕಂಬ ಇದೆ. ನನಗೆ ಹೇಳಬೇಕಾದ್ದನ್ನ ಅಪ್ಪ ಅದಕ್ಕೆ ಹೇಳೋರು. "ಏನ್ ಕಂಬಪ್ಪ, ಮದ್ಯಾನ ಉಣ್ಣಕೆ ಬತ್ತೀಯೋ?" ನಾನೂ ಕಂಬಕ್ಕೇ ಹೇಳೋನು: "ಬತ್ತಾನಂತೆ ಅನ್ನು ಕಂಬಪ್ಪ."

ಒಂದು ದಿನ ಸಂತೆಮರಹಳ್ಳಿಯಿಂದ ದೂರದ ನೆಂಟರೊಬ್ಬರು ಹೆಣ್ಣಿನ ಪ್ರಸ್ತಾಪ ತಂದರು. ಅಪ್ಪ ಗಂಟಲು ಸರಿಮಾಡಿಕೊಂಡರು.

"ಕೇಳುದ್ಯಾ ಕಂಬಪ್ಪ, ನಿಂಗೆ ಹೆಣ್ಣು ತಂದವ್ರೆ. ಒಪ್ಪಿಗೆನಾ?"

"ವ್ಯಾಪಾರ ಒಂದು ದಾರಿಗೆ ಬರ್ಲಿ, ಆಮೇಲೆ ನೋಡನ ಅನ್ನು ಕಂಬಪ್ಪ" ಅಂದೆ ನಾನು.

ನೆಂಟರು ಅಪ್ಪನನ್ನ ನೋಡಿದರು, ನನ್ನನ್ನ ನೋಡಿದರು, ಕಂಬವನ್ನ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಮಜ್ಜಿಗೆ ಮುಗಿಸಿ ಎದ್ದು, ಹೋಗುವಾಗ ಕಂಬದ ಮೇಲೆ ಒಂದ್ಸಲ ಕೈಯಾಡಿಸಿದರು.

"ಕಂಬ ಏನೋ ಗಟ್ಟಿಯಾಗೇ ಅದೆ. ನಮ್ಮುಡುಗಿನ ಈ ಮನೇಲಿ ಮಾತಾಡ್ಸೋರು ಯಾರು ಅಂತ್ಲೇ ಯೋಚ್ನೆ."

ನಕ್ಕೆವು. ಆದರೆ ನನಗೆ ಒಳಗೊಳಗೇ ಸಂಕಟ ಆಗ್ತಿತ್ತು. ಬೈಯೋ ಅಪ್ಪ ಬೈದರೇ ಚೆಂದ. ಒಂದೇ ಒಂದ್ಸಲ "ಲೇ ದಡ್ಡ" ಅಂದಿದ್ದರೂ ಸಾಕಿತ್ತು ನನಗೆ.

ಸುಣ್ಣದ ಪರೀಕ್ಷೆ

ಮೊದಲನೇ ಮಷಿನ್ನಿನ ಪಕ್ಕ "ತಗಳಿ" ಅನ್ನೋಕೆ ಒಬ್ಬ ಹುಡುಗನನ್ನ ನಿಲ್ಲಿಸಿ, ಎರಡನೇ ಮಷಿನ್ ಗುಂಡ್ಲುಪೇಟೆಗೆ ತಂದೆ. ಊಟಿ ಬಸ್ಸು, ಕೇರಳದ ಬಸ್ಸು ಎಲ್ಲ ನಿಲ್ಲೋ ಜಾಗ, ಇಲ್ಲಿ ಕಷ್ಟ ಇರಲ್ಲ ಅಂದುಕೊಂಡೆ. ಮೊದಲನೇ ದಿನವೇ ಹಂಗಳದ ಕಡೆಯ ಹಾಲಿನ ಹೆಂಗಸೊಬ್ಬಳು ಕ್ಯಾನ್ ಇಳಿಸಿ ನಿಂತಳು. ಊರಿನ ಹೋಟೆಲುಗಳಿಗೆಲ್ಲ ವರ್ತನೆ ಹಾಲು ಹಾಕುತ್ತಿದ್ದವಳು.

"ನಿಮ್ ಮಿಸನ್ಗೆ ದಿನಾ ಎಷ್ಟು ಆಲು ಆಕ್ಲಣ್ಣ?"

"ಬೇಡಮ್ಮ, ಇದಕ್ಕೆ ಹಾಲೇ ಬೇಡ."

ಅವಳು ಹಾಲಿನ ಗುಂಡಿ ತೋರಿಸಿದಳು. "ಮತ್ತಿದು?"

"ಅದು ಪುಡಿ."

"ಪುಡಿ ಕೊಡೋ ಹಸ ಯಾವೂರಲ್ಲದೆ?" ಅಂತ ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಯಾನ್ ಎತ್ತಿಕೊಂಡು ನಡೆದಳು. ಹಸು ಇಲ್ಲ, ಆದರೂ ಬೆಳ್ಳಗಿದೆ ಅಂದಮೇಲೆ ಅದು ಸುಣ್ಣವೇ ಅಂತ ಸಂಜೆ ಹೊತ್ತಿಗೆ ಊರೆಲ್ಲ ಸುದ್ದಿ. ಮಷಿನ್ ಹತ್ತಿರ ಒಂದು ನರಪಿಳ್ಳೆ ಸುಳಿಯಲಿಲ್ಲ. ನಾನು ದೇವರ ಮೇಲೆ ಆಣೆ ಇಟ್ಟೆ, ಪುಡಿ ಡಬ್ಬ ತೆಗೆದು ತೋರಿಸಿದೆ. ಡಬ್ಬದಲ್ಲಿ ನೋಡಿದರೆ ಅದು ಇನ್ನೂ ಸುಣ್ಣದಂಗೇ ಕಾಣ್ತಿತ್ತು, ನನಗೇ ಅನುಮಾನ ಬಂತು.

ಆಗ ಎಲೆಅಡಿಕೆ ಹಾಕೋ ಅಜ್ಜಿಯೊಬ್ಬಳು ಗುಂಪು ಬಿಡಿಸಿಕೊಂಡು ಬಂದಳು. ಒಂದು ಲೋಟ ಹಾಲು ಇಳಿಸಿಕೊಂಡು, ಅದರಲ್ಲಿ ಬೆರಳದ್ದಿ ವೀಳ್ಯದೆಲೆಗೆ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡಳು. ಊರೇ ಉಸಿರು ಬಿಗಿಹಿಡಿದು ನಿಂತಿತು. ಅಜ್ಜಿ ನಿಧಾನವಾಗಿ ಅಗಿದು, ಮೂಲೆಗೆ ಹೋಗಿ ಉಗಿದು, ಉಗಿದದ್ದನ್ನ ಬಗ್ಗಿ ನೋಡಿದಳು.

"ಬಾಯಿ ಕೆಂಪಾಗ್ನಿಲ್ಲ. ಸುಣ್ಣ ಅಲ್ಲ, ಕುಡ್ಕಳಿ."

ಮಾತಾಡಿದ ಮಷಿನ್ನು

ಮಾರ್ಗಶಿರದ ಚಳಿ. ಶಬರಿಮಲೆಗೆ ಹೋಗೋ ಮೈಸೂರು ಕಡೆಯ ಬಸ್ಸುಗಳು ಗುಂಡ್ಲುಪೇಟೆ ಹಾದು ಹೋಗುತ್ತವೆ. ಒಬ್ಬ ಗುರುಸ್ವಾಮಿ ಮೊದಲೇ ಬಂದು ಹೇಳಿ ಹೋಗಿದ್ದರು: "ನಮ್ಮ ಸ್ವಾಮಿಗಳಿಗೆಲ್ಲ ಮಷಿನ್ ಕಾಫಿ ನೋಡೋ ಆಸೆ. ಚೆನ್ನಾಗಿದ್ರೆ ಈ ಸಲ ನಮ್ಮ ಕಡೆ ಬಸ್ಸೆಲ್ಲ ನಿಮ್ಮ ಹತ್ರಾನೇ ನಿಲ್ಲಿಸ್ತೀನಿ." ನಾನು ಮಾತು ಕೊಟ್ಟಿದ್ದೆ. ಅವರು ಬರೋ ಹಿಂದಿನ ಸಂಜೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ನಾಳೆ ಸಂಜೆಗೆ ಮುಂಚೆ ಕರೆಂಟ್ ಆಸೆ ಇಟ್ಕೋಬೇಡಿ ಅಂದ ಲೈನ್‌ಮನ್. ಎಸ್‌ಟಿಡಿ ಬೂತಿನಿಂದ ಮನೆಪಕ್ಕದ ಅಂಗಡಿಗೆ ಫೋನ್ ಮಾಡಿ ಅವ್ವನನ್ನ ಕರೆಸಿ, ಮರ್ಯಾದೆ ಹೋಯ್ತವ್ವ ಅಂತ ಅತ್ತೆ.

ಬೆಳಗ್ಗೆ ಚಾಮರಾಜನಗರದ ಮೊದಲನೇ ಬಸ್ಸಿನಿಂದ ಅಪ್ಪ ಇಳಿದರು. ಕೈಯಲ್ಲಿ ಫಿಲ್ಟರು, ಪಂಪ್ ಸ್ಟೌ, ದೊಡ್ಡ ಕೆಟಲ್ಲು, ಒಂದು ಆಲಿಕೆ. ನನ್ನ ಕಡೆ ನೋಡಲಿಲ್ಲ. ಪಕ್ಕದ ಲೈಟು ಕಂಬಕ್ಕೆ ಮುಖ ಮಾಡಿದರು.

"ಏನ್ ಕಂಬಪ್ಪ, ನಿನ್ ಮಿಸನ್ಗೆ ಕರೆಂಟು ಬೇಕಂತಲ್ಲ. ನಂಗೆ ಸೀಮೆಎಣ್ಣೆ ಸಾಕು."

ಹಂಗಳದ ಹಾಲಿನವಳನ್ನ ಕೂಗಿ ಕ್ಯಾನ್ ಇಳಿಸಿಕೊಂಡರು. "ಕೊನೆಗೂ ಹಸ ಬೇಕಾಯ್ತಾ?" ಅಂತ ಅವಳು ನನ್ನನ್ನೇ ನೋಡಿ ನಕ್ಕಳು.

"ಹೊರಗೇ ಒಂದು ಮೇಜು ಹಾಕಿ ಕೊಟ್ಬುಡನ ಅನ್ನು ಕಂಬಪ್ಪ" ಅಂದೆ.

"ಮಿಸನ್ ಕಾಪಿ ಅಂತ ಮಾತು ಕೊಟ್ಟ ಮೇಲೆ ಮಿಸನ್ನಿಂದ್ಲೇ ಬರ್ಬೇಕು. ಕೊಟ್ ಮಾತಿಗೂ ಕರೆಂಟಿಲ್ಲ ಅನ್ನಕಾಯ್ತದಾ ಕಂಬಪ್ಪ?" ಅಂತ ಹೇಳಿ, ಹಿಂದಿನ ಬಾಗಿಲು ತೆಗೆದು, ಪುಡಿ ಡಬ್ಬಗಳನ್ನೆಲ್ಲ ಕಿತ್ತು ಹೊರಗಿಟ್ಟು, ಬೆರೆಸಿದ ಬಿಸಿ ಕಾಫಿಯ ಕೆಟಲ್ ಹಿಡಿದು ಅಪ್ಪ ಮಷಿನ್ನಿನ ಒಳಗೆ ಮಂಡಿ ಮಡಚಿ ಕೂತೇಬಿಟ್ಟರು. ನಾನು ಹಿಂದಿನ ಬಾಗಿಲು ಒರಗಿಸಿ ಮುಂದಕ್ಕೆ ಬಂದೆ.

ಬಸ್ಸುಗಳು ಬಂದವು. ಕಪ್ಪು ಬಟ್ಟೆಯ ಸ್ವಾಮಿಗಳು ಸಾಲು ನಿಂತರು. ಟಣ್ ಅಂತ ನಾಣ್ಯ ಬೀಳೋದು, ಒಳಗಿಂದ ಲೋಟ ಇಳಿಯೋದು, ಆಲಿಕೆಯಲ್ಲಿ ಕಾಫಿ ಸುರಿಯೋದು. ಆಹಾ, ಆ ಪರಿಮಳ! ಎಲ್ಲ ಸಲೀಸಾಗಿ ನಡೀತಿತ್ತು. ಸ್ವಾಮಿಗಳು ಕುಡಿದು ಕಣ್ಣರಳಿಸುತ್ತಿದ್ದರು. ಅಷ್ಟರಲ್ಲಿ ಒಬ್ಬ ದಪ್ಪ ಸ್ವಾಮಿ ಕೊನೇ ಗುಟುಕು ಚಪ್ಪರಿಸಿ, ತಲೆಯಾಡಿಸಿ ತೀರ್ಪು ಕೊಟ್ಟರು.

"ಪರ್ವಾಗಿಲ್ಲ. ಆದ್ರೆ ಎಷ್ಟಾದ್ರೂ ಮಿಸನ್ ಕಾಪಿ ಮಿಸನ್ ಕಾಪಿನೇ. ಕೈಯಲ್ ಮಾಡಿದ್ ಕಾಪಿ ರುಚಿ ಬರಾಕಿಲ್ಲ."

ಮಷಿನ್ ಒಳಗೇ ಒಂದ್ಸಲ ಧಡ್ ಅಂತು. ಆಮೇಲೆ ಗುಡುಗಿತು.

"ನಾಲ್ಗೆ ಅದೋ ಇಲ್ವೋ ನಿಂಗೆ? ಇದು ಕೈ ಕಾಪಿನೇ ಕಣಯ್ಯಾ!"

ದಪ್ಪ ಸ್ವಾಮಿಯ ಕೈಯಿಂದ ಲೋಟ ಬಿತ್ತು. ಸಾಲು ಚೆಲ್ಲಾಪಿಲ್ಲಿ. ಗುರುಸ್ವಾಮಿ ಮೊದಲು ಚೇತರಿಸಿಕೊಂಡು, ಎರಡೂ ಕೈ ತಲೆ ಮೇಲೆತ್ತಿ ಕೂಗಿದರು: "ಸ್ವಾಮಿಯೇ...!"

"ಶರಣಮಯ್ಯಪ್ಪ!" ಅಂದಿತು ಇಡೀ ಬಸ್‌ಸ್ಟ್ಯಾಂಡು. ಯಾರೋ ಮಷಿನ್ ಮುಂದೆ ತೆಂಗಿನಕಾಯಿ ಇಟ್ಟರು, ಇನ್ಯಾರೋ ಕರ್ಪೂರ ಹುಡುಕಿದರು. ನಗಬೇಕೋ ಕೈಮುಗೀಬೇಕೋ ತಿಳಿಯದೆ ನಾನು ಎರಡನ್ನೂ ಮಾಡ್ತಾ ನಿಂತಿದ್ದೆ. ಆ ಗದ್ದಲದ ಮಧ್ಯೆ ಮಷಿನ್ ಇನ್ನೊಂದ್ಸಲ ಗುಡುಗಿತು.

"ಲೇ ದಡ್ಡ! ನಿಂತ್ಕಂಡು ಏನ್ ನೋಡ್ತಿದ್ದೀಯ್ಲಾ? ಲೋಟ ಕಾಲಿ ಆದೊ, ತತ್ತಾ!"

ಕಂಬಪ್ಪ ಅನ್ನಲಿಲ್ಲ. ಅಕ್ಕಪಕ್ಕ ನೋಡಿದೆ, ದಡ್ಡ ಅಂದರೆ ನಾನೇ. ಲೋಟದ ಕಟ್ಟು ತರೋಕೆ ಓಡಿದೆ, ಕಣ್ಣಲ್ಲಿ ನೀರು ಬಂದು ದಾರಿ ಕಾಣ್ತಿರಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಅವ್ವ ಬಿಸಿನೀರು ಕೊಟ್ಟು, ಮಷಿನ್ ಹೆಂಗದೆ ಅಂತ ಕೇಳಿದಳು. ಅಪ್ಪ ಕಂಬಕ್ಕೆ ಒರಗಿ ಕೂತು, ಮಂಡಿ ತಿಕ್ಕಿಕೊಳ್ಳುತ್ತಾ, ಸೀದಾ ನನ್ನ ಮುಖ ನೋಡಿದರು.

"ಮಿಸನ್ ಏನೋ ಚೆನ್ನಾಗದೆ ಕಣ್ಲಾ. ಕಾಲು ಚಾಚಕೆ ಒಸಿ ಜಾಗ ಸಾಲ್ದು."