ಚಿಕ್ಕಪ್ಪ ಹುಡುಕಿದ ಫಾಲ್ಟ್

ನಮ್ಮ ಚಿಕ್ಕಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ ಎಂದರೆ ನೀವು ನಂಬುವುದಿಲ್ಲ. ಎರಡೂ ಕೈಗೆ ಅಲ್ಲ, ಎಡಗೈಗೆ ಮಾತ್ರ. ಬಲಗೈಯಲ್ಲಿ ಮೌಸ್ ಹಿಡಿಯಬೇಕಲ್ಲ!

ಹೊಸನಗರದ ಸುತ್ತಮುತ್ತ ಮೂವತ್ತು ವರ್ಷ ವಿದ್ಯುತ್ ಕಂಬ ಹತ್ತಿದ ಲೈನ್‌ಮನ್ ಅವರು. ನಿವೃತ್ತಿಯಾದ ಮೇಲೆ ಹತ್ತಲು ಕಂಬವಿಲ್ಲದೆ ಕಂಪ್ಯೂಟರ್ ಕೊಂಡರು. ಚಿಕ್ಕಮ್ಮನ ಹಾಡುಗಳನ್ನು ಇಡಲಿಕ್ಕಂತೆ. ಸಾಗರದಿಂದ ತೀರ್ಥಹಳ್ಳಿಯವರೆಗೆ ಮದುವೆ ಮನೆಯಲ್ಲಿ ಹಸೆ ಹಾಡಿಗೆ ಚಿಕ್ಕಮ್ಮನೇ ಬೇಕಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಉಳಿದದ್ದು ಪಿಸುಮಾತು ಮಾತ್ರ. ಹಿಂದೆ ಫೋನಿನಲ್ಲಿ ಹಿಡಿದಿಟ್ಟ ಹಾಡುಗಳೆಲ್ಲ ಆ ಕಂಪ್ಯೂಟರಿನಲ್ಲಿವೆ. ಫೋನು ಸತ್ತು ಎಷ್ಟೋ ದಿನವಾಯಿತು. ಬೇರೆ ಪ್ರತಿ ಎಲ್ಲೂ ಇಲ್ಲ.

ಆದರೆ ನೆಮ್ಮದಿಯಾಗಿ ಕೇಳಲು ಬಿಟ್ಟರೆ ತಾನೇ! ಎಂದೋ ಹಾಕಿ ಮರೆತ ಸಾಫ್ಟ್‌ವೇರುಗಳು ಪರದೆಯ ಮೂಲೆಯಿಂದ ಒಂದರ ಹಿಂದೊಂದು ತಲೆ ತೂರಿಸುತ್ತಿದ್ದವು. 'ನಿಮ್ಮ ಅವಧಿ ಮುಗಿದಿದೆ' ಎಂದು ಬಂದರಂತೂ ಚಿಕ್ಕಪ್ಪ ಕೆಂಡ. "ನಂದು ಮುಗ್ದು ಆರು ವರ್ಷ ಆತು. ಕೇಳೋಕೆ ನೀ ಯಾರಾ?" ಎಂದು ಪರದೆಯನ್ನೇ ಗದರುತ್ತಿದ್ದರು.

ಯಾವ ಸಂದೇಶ ಎಷ್ಟು ಗಂಟೆಗೆ ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ನಾಲ್ಕು ದಿನದ ದಾಖಲೆ ನೋಡಿದ ಚಿಕ್ಕಮ್ಮ ಪಿಸುಗುಟ್ಟಿದರು: "ನಿಮ್ಮ ಕರೆಂಟಿಗಿಂತ ಇದೇ ವಾಸಿ ಬಿಡಿ. ಟೈಮಿಗೆ ಸರಿಯಾಗಿ ಬರ್ತದೆ."

ಈ ಮಾತು ನಾಟಿತೆಂದು ಕಾಣುತ್ತದೆ. ಆ ಭಾನುವಾರ ಬೆಳಿಗ್ಗೆ ನಾನು ಸಾಗರದಿಂದ ಹೋಗಿ ಚಹಾ ಲೋಟ ಹಿಡಿಯುವ ಹೊತ್ತಿಗೆ ಕಾರ್ಯಾಚರಣೆ ಶುರುವಾಗಿತ್ತು.

"ಬಂದ್ಯಾ ಮಾರಾಯ? ನೋಡು, ಫಾಲ್ಟ್ ಎಲ್ಲಿದೆ ಗೊತ್ತಿಲ್ಲ ಅಂದ್ರೆ ಮೊದ್ಲು ಅರ್ಧ ಲೈನ್ ಬಿಡಿಸ್ಬೇಕು. ಆಮೇಲೂ ಫಾಲ್ಟ್ ಇತ್ತು ಅಂದ್ರೆ, ಉಳಿದರ್ಧದಲ್ಲಿದೆ ಅಂತಾಯ್ತು."

ನಾನು ಪದವೀಧರ. ಎಷ್ಟು ಶಾಸ್ತ್ರೀಯ ವಿಧಾನವೆಂದು ತಲೆದೂಗಿದೆ! ಆಮೇಲೆ ಪರದೆ ನೋಡಿದೆ. ಬಿಡಿಸಲಿರುವ ಅರ್ಧ ಲೈನೆಂದರೆ ಕಂಪ್ಯೂಟರಿನ ಅರ್ಧದಷ್ಟು ಫೋಲ್ಡರುಗಳು. ಎಲ್ಲವೂ ನೀಲಿಯಾಗಿ ಸಾಲುಗಟ್ಟಿದ್ದವು. ಮೇಲಿನಿಂದ ಮೂರನೆಯದು 'ಹಾಡು'. 'ಶಾಶ್ವತವಾಗಿ ಅಳಿಸಲೇ?' ಎಂದು ಯಂತ್ರ ಕೇಳುತ್ತಿತ್ತು. ಬಾಣದ ಗುರುತು 'ಹೌದು' ಎಂಬುದರ ಮೇಲಿತ್ತು.

"ಚಿಕ್ಕಪ್ಪಾ, ಇದು ಲೈನ್ ಬಿಡಿಸೋದಲ್ಲ, ಕಂಬ ಕಡಿಯೋದು!"

"ಹೆದ್ರಬೇಡ್ವೋ. ಆಮೇಲೆ ಜೋಡಿಸಿದ್ರಾತು."

ಚಹಾ ನನ್ನ ಕಾಲ ಮೇಲೆ ಬಿತ್ತು. ಮೌಸಿನ ಟಿಕ್ ಎಂಬ ಸದ್ದು ಕೇಳಿಸಿತೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ತಿರುಗಿ ನೋಡಿದರೆ, ಕೂಗಲಾರದ ಚಿಕ್ಕಮ್ಮ ಮೀಟರ್ ಬೋರ್ಡಿನ ಕೆಳಗೆ ನಿಂತಿದ್ದರು, ಕಿತ್ತ ಫ್ಯೂಸು ಕೈಯಲ್ಲಿ! ಸದ್ಯ, ಆ ಮನೆಯಲ್ಲಿ ಯುಪಿಎಸ್ ಇಲ್ಲ. ಇಟ್ಟುಕೊಂಡರೆ ಇಲಾಖೆಗೆ ಅವಮಾನ ಎಂಬುದು ಚಿಕ್ಕಪ್ಪನ ನಿಲುವು.

ಫ್ಯೂಸು ಹಾಕಿದೆವು. ಕಂಪ್ಯೂಟರ್ ಎಚ್ಚರಾಗುವವರೆಗೆ ಮೂವರೂ ಪರದೆಗೆ ಅಂಟಿಕೊಂಡು ನಿಂತೆವು. ಕೊನೆಗೂ ಫೋಲ್ಡರುಗಳು ಕಾಣಿಸಿದವು. 'ಹಾಡು' ಇತ್ತು. ಒಂದನ್ನು ಹಾಕಿದೆ. ಚಿಕ್ಕಮ್ಮನ ತುಂಬುದನಿ ಕೋಣೆ ತುಂಬಿತು. ಆ ಮುದ್ರಣದ ನಡುವೆಯೇ ಚಿಕ್ಕಪ್ಪನ ಹಳೆಯ ಕೂಗು: "ಹೋಯ್, ನನ್ ಟಾರ್ಚ್ ಎಲ್ಲಿಟ್ಯೇ?"

ಇನ್ನು ಅವರ ಕೈಗೆ ಮೌಸ್ ಕೊಡುವುದುಂಟೆ? ನಾನೇ ಕೂತು, ಬಳಸದ ಸಾಫ್ಟ್‌ವೇರುಗಳನ್ನು ಒಂದೊಂದಾಗಿ ತೆಗೆದೆ. ಒಟ್ಟು ಏಳು. ಏಳೂ ಒಂದೇ ಜಾತಿಯವು: ಧ್ವನಿಮುದ್ರಣದಿಂದ ಬೇಡದ ಸದ್ದು ತೆಗೆಯುವಂಥವು.

"ಇಷ್ಟೊಂದು ಯಾಕೆ ಚಿಕ್ಕಪ್ಪ?"

ಅವರು ತಲೆ ತಗ್ಗಿಸಿದರು. "ಅವ್ಳು ಹಾಡಿದಾಗೆಲ್ಲ ನಾ ಎಂತಾರ ಕೂಗಿ ಹಾಳ್ಮಾಡೀನಿ ಮಾರಾಯ. ನನ್ ದನಿ ಅಷ್ಟೂ ತೆಗ್ಯೋಣ ಅಂತಿದ್ದೆ. ಒಂದ್ರಿಂದಲೂ ಆಗ್ಲಿಲ್ಲ."

ಚಿಕ್ಕಮ್ಮ ಅವರ ಕಿವಿಯ ಹತ್ತಿರ ಬಗ್ಗಿದರು. ಆ ಪಿಸುಮಾತು ನನಗೂ ಕೇಳಿಸಿತು.

"ತೆಗೀಬೇಡಿ. ನೀವು ಕೂಗಿದ್ ಮೇಲೆ ನಾನು ಹೆಂಗೆ ಹಾಡೀನಿ, ಕೇಳಿ."

ಚಿಕ್ಕಪ್ಪ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಹಾಡನ್ನು ಹಿಂದಕ್ಕೆಳೆದು ಮತ್ತೆ ಹಾಕಿದರು. ಹೌದು, ಕೂಗಿನ ಮರುಗಳಿಗೆ ಆ ದನಿಯಲ್ಲಿ ನಗು ತುಳುಕಿತ್ತು. ಮುಂದಿನ ಸಾಲನ್ನು ಚಿಕ್ಕಮ್ಮ ನಗುತ್ತಲೇ ಹಾಡಿದ್ದರು.